ತಣ್ಣಗಿನ ಚಾಪೆಯ ಹಾಡು

“ಅಮ್ಮಾ, ಪಾಪು ಹುಟ್ಟುಹಬ್ಬಕ್ಕೆ ಎನೋಕಾ ಅಂಕಲ್ ಯಾಕೆ ಸತ್ತೋರ ಹಾಡು ಹಾಡ್ತಿದ್ದಾರೆ?”

ನೊಹೇಯಾ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. ಪಕ್ಕದ ಮನೆಯ ಕೂಸಿಗೆ ವರ್ಷ ತುಂಬಿತ್ತು. ನೆಲದ ಕುಳಿಯಲ್ಲಿ ಬೆಂದ ಹಂದಿ ಮೇಲೆ ಬಂದಾಗಿತ್ತು. ಹವಾಯಿಯ ನಾನಾಕುಲಿಯಲ್ಲಿ ಅರ್ಧ ಊರು ಟಾರ್ಪಾಲಿನ ಕೆಳಗೆ ಕೂತು, ಕೆಸುವಿನ ಗೆಡ್ಡೆ ಅರೆದ ಪೋಯಿಯನ್ನು ಬೆರಳಲ್ಲಿ ಬಳಿದು ತಿನ್ನುತ್ತ, ಅರೆಗಣ್ಣು ಮುಚ್ಚಿ ತಲೆದೂಗುತ್ತಿತ್ತು.

“ಅದು ಪ್ರೀತಿ ಹಾಡು ಕಣೇ ಲೀಕೋ. ನನ್ನ ಮದುವೇಲೂ ಅದನ್ನೇ ಹಾಡಿದ್ರು.”

“ಅಲ್ಲಮ್ಮಾ. ಹೆಂಡ್ತಿ ಸತ್ತೋಗಿದಾಳೆ. ಗಂಡ ಅವಳ ಚಾಪೆ ಮುಟ್ಟಿ, ತಣ್ಣಗಿದೆ ಅಂತ ಅಳ್ತಾನೆ.”

ಲೀಕೋ ಓದುವುದು ಹವಾಯಿ ಭಾಷೆಯಲ್ಲೇ ಪಾಠ ಹೇಳುವ ಹೊಸ ಶಾಲೆಯಲ್ಲಿ. ಊರಿನ ಉಳಿದ ದೊಡ್ಡವರಂತೆ ನೊಹೇಯಾಳಿಗೂ ಆ ಭಾಷೆಯಲ್ಲಿ ಬರುತ್ತಿದ್ದದ್ದು ನಮಸ್ಕಾರ ಮತ್ತು ಬೈಗುಳ. ಮಗಳು ತಪ್ಪು ಎನ್ನಲು ಧೈರ್ಯ ಬರಲಿಲ್ಲ.

ಎನೋಕಾ ಅಂಕಲ್‌ಗೆ ಹೆಸರು ತಂದದ್ದೇ ಆ ಹಾಡು. ಕಸದ ಲಾರಿಯ ಹಿಂದೆ ಜೋತುಬಿದ್ದು, ದನಿಯನ್ನು ಹೆಣ್ಣುದನಿಗೆ ಏರಿಸಿ ಹಾಡುತ್ತಿದ್ದವರನ್ನು ಪ್ರವಾಸಿಗರು ತುಂಬಿದ ವಾಯಿಕೀಕಿ ಕಡಲತೀರದ ಹೋಟೆಲಿನವರು ಹಿಡಿದೊಯ್ದರು. ಮೊದಲ ದಿನವೇ ಬೂಟು ಬಿಚ್ಚಿಸಿದರು; ದ್ವೀಪದವನು ಬರಿಗಾಲಲ್ಲಿದ್ದರೇ ಚಂದವಂತೆ. ಇಂಗ್ಲಿಷು ತೀರ ಚೆನ್ನಾಗಿದೆ, ಸ್ವಲ್ಪ ಕೆಡಿಸಿಕೊಂಡು ಮಾತಾಡು ಎಂದರು. ಹಾಡಿನ ಅರ್ಥವನ್ನು ಮಾತ್ರ ಯಾರೂ ಕೇಳಲಿಲ್ಲ. ಹೋಟೆಲೇ ಒಂದು ಅರ್ಥ ಬರೆಸಿ ಮೈಕಿನಲ್ಲಿ ಓದಿಸಿತು: ‘ಪ್ರಿಯೆ, ಕಡಲ ಗಾಳಿಗೆ ನಮ್ಮ ಚಾಪೆ ತಂಪಾಗಿದೆ, ಬಾ.’ ಹೊಸ ಜೋಡಿಗಳು ಕೈಕೈ ಹಿಡಿದುಕೊಂಡವು. ರೆಕಾರ್ಡು ಬಂತು, ರೇಡಿಯೋ ಬಂತು, ಬೆನ್ನಿಗೇ ಮದುವೆಗಳು ಬಂದವು. ಅಂಕಲ್ ಬಂದು ಆ ಹೆಣದ ಹಾಡು ಹಾಡದಿದ್ದರೆ ಮದುವೆಯೇ ಆದಂತಲ್ಲ ಎನ್ನುವ ಹಾಗಾಯಿತು.

ಈ ಭಾನುವಾರ ಲೀಕೋಳ ಶಾಲೆಯಲ್ಲೇ ಅವರಿಗೆ ಸನ್ಮಾನ. ‘ನಮ್ಮ ಭಾಷೆ ಉಳಿಸಿದ ಕಂಠ’ ಎಂಬ ಬ್ಯಾನರ್ ಆಗಲೇ ಗೇಟಿಗೆ ಏರಿತ್ತು.

ಹಾಡು ಮುಗಿಸಿ ಅಂಕಲ್ ತಟ್ಟೆಗೆ ಕೈಹಾಕುವಷ್ಟರಲ್ಲಿ ಲೀಕೋ ಅಮ್ಮನಿಂದ ನುಣುಚಿಕೊಂಡು ಅವರೆದುರು ನಿಂತಿದ್ದಳು.

“ಅಂಕಲ್, ಆ ಆಂಟಿ ಹೇಗೆ ಸತ್ರು?”

“ಯಾವ ಆಂಟಿ, ಪುಟ್ಟಿ?”

“ನಿಮ್ಮ ಹಾಡಲ್ಲಿರೋರು. ಚಾಪೆಯೋರು.”

ಮೇಜಿನ ಆ ತುದಿಯಿಂದ ಯಾರೋ ಕೂಗಿದರು: “ಏನೋ ಎನೋಕಾ, ಇಷ್ಟು ವರ್ಷ ಹೆಣ ಹೊತ್ಕೊಂಡು ಮದುವೆ ಮನೆ ಸುತ್ತಿದ್ಯೇನೋ!”

ಎಲ್ಲರಿಗಿಂತ ಜೋರಾಗಿ ನಕ್ಕವರು ಅಂಕಲ್ಲೇ. ತಟ್ಟೆ ಮಾತ್ರ ಹಾಗೇ ಉಳಿಯಿತು.

ನೊಹೇಯಾ ಮನೆಗೆ ಒಯ್ಯಲು ಹಂದಿಮಾಂಸ ಕಟ್ಟಿಕೊಳ್ಳುತ್ತಿದ್ದಾಗ ಅವರು ಹತ್ತಿರ ಬಂದರು.

“ಅಜ್ಜಿ ಕಲಿಸಿದ್ದು ಕಣಮ್ಮಾ. ಅರ್ಥ ಹೇಳ್ಕೊಟ್ರೆ ಇಂಗ್ಲಿಷ್ ಶಾಲೇಲಿ ಆ ಭಾಷೆ ಆಡಿ ಏಟು ತಿಂತಾನೆ ಅಂತ ಬರೀ ಬಾಯಿಪಾಠ ಮಾಡಿಸಿದ್ಲು. ಹಾಡ್ತಾ ಹಾಡ್ತಾ ಅಳೋಳು. ಈರುಳ್ಳಿ ಹೆಚ್ತಿದ್ಲಲ್ಲ, ಅದಕ್ಕೆ ಅಂದ್ಕೊಂಡಿದ್ದೆ.”

ನೊಹೇಯಾಳಿಗೆ ಅವರ ಕೈ ಹಿಡಿಯಬೇಕೆನಿಸಿತು, ಕೈಯೆಲ್ಲ ಜಿಡ್ಡು.

“ಭಾನುವಾರ ಬೇರೆ ಹಾಡು ಹಾಡಿಬಿಡಿ ಅಂಕಲ್.”

“ಅದರಲ್ಲಿ ಇನ್ಯಾರು ಸತ್ತಿದಾರೋ! ಹೋಟೆಲ್ ಜನ ಅಲ್ಲಮ್ಮಾ, ಎದುರಿಗೆ ಕೂರೋವೆಲ್ಲ ಇಂಥ ಮಕ್ಕಳೇ.” ಅವರು ದನಿ ತಗ್ಗಿಸಿದರು. “ನಾಳೆ ಶಾಲೆ ಬಿಟ್ಮೇಲೆ ಲೀಕೋನ ನಮ್ಮನೆಗೆ ಕಳಿಸ್ತೀಯಾ? ಒಂದೊಂದೇ ಹಾಡ್ತೀನಿ, ಏನು ಹಾಡ್ತಿದೀನಿ ಅಂತ ಅವಳು ಹೇಳ್ಲಿ. ಮೊದಲು ಆ ಚಾಪೆಯವಳ ಹೆಸರು ಹಾಡಲ್ಲಿದ್ಯಾ ಕೇಳ್ಬೇಕು. ಇಷ್ಟು ವರ್ಷ ಅವಳ ಅನ್ನ ತಿಂದಿದೀನಿ. ನಮ್ಮನೇಲಿ ನಿಮ್ಮಾಂಟಿಗೆ ಮಾತ್ರ ಯಾಕೆ ಅಂತ ಹೇಳ್ಬೇಡ, ಊರಿಗೆಲ್ಲ ಹೇಳ್ಕೊಂಡು ನಗ್ತಾಳೆ. ಕಳಿಸ್ತೀಯಲ್ಲ?”