ಪ್ಯಾನೆಲ್ ಸ್ವಿಚ್ಚಿನ ಪುಟ

ಮಧುಗಿರಿಯ ನಮ್ಮ ಚಿಕ್ಕ ಆಫೀಸಿನಲ್ಲಿ, ಸೋಲಾರ್ ಪಂಪಿನ ರಿಪೇರಿಯನ್ನೂ ಅದರ ಸಾಫ್ಟ್‌ವೇರ್ ಬಳಸುವ ಬಗೆಯನ್ನೂ ವಿವರಿಸುವ ವೆಬ್‌ಸೈಟಿಗೆ ಮೆನು ಜೋಡಿಸುತ್ತಿದ್ದವರು ನನ್ನ ಹಿರಿಯ ಸಹೋದ್ಯೋಗಿ. ಕನ್ನಡಕವನ್ನು ಹಣೆಗೇರಿಸಿ, ಪುಟಗಳನ್ನು ಹಿಂದೆ ಮುಂದೆ ಸರಿಸುತ್ತ, "ಒಂದೊಂದೂ ಅದರದರ ಗೂಡಿನಾಗೆ ಇರ್ಬೇಕು ಕಣಮ್ಮ" ಎನ್ನುತ್ತಿದ್ದರು. ಎಚ್ಚರಿಕೆಗಳೆಲ್ಲ ಮೆನುವಿನ ಕೊನೆಯಲ್ಲಿ, 'ಸುರಕ್ಷತೆ' ಎಂಬ ಗೂಡಿನಲ್ಲಿದ್ದವು.

ಸೈಟು ಹೇಗೆ ಬಳಕೆಯಾಗುತ್ತದೆಂದು ತಿಳಿಯಲು ಒಂದು ದಿನ ಮಿಡಿಗೇಶಿಯ ಹೊಲವೊಂದರಲ್ಲಿ ಮೆಕ್ಯಾನಿಕ್ ಒಬ್ಬ ಆ ಸೈಟನ್ನು ಫೋನಿನಲ್ಲಿ ಓದಿಕೊಂಡು ಪಂಪಿನ ಪೆಟ್ಟಿಗೆ ಬಿಚ್ಚುವುದನ್ನು ನಾವಿಬ್ಬರೂ ನೋಡುತ್ತಿದ್ದೆವು. ಆತ ಬರಿಗೈಯನ್ನು ತಂತಿಯತ್ತ ಚಾಚಿದ. ಅವರು ಹಿಂದಿನಿಂದ ಅಂಗಿ ಹಿಡಿದು ಎಳೆದರು. ಆ ಕೈಗೂ ತಂತಿಗೂ ನಡುವೆ ಇದ್ದ ಅಂತರ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

"ಯಾಕ್ಸಾರ್? ಊರಾಗೇ ಕರೆಂಟ್ ಇಲ್ಲ!"

"ಇದು ಬಿಸಿಲಿಂದ ಬರೋ ಕರೆಂಟ್ ಕಣಯ್ಯ! ಪ್ಯಾನೆಲ್ ಸ್ವಿಚ್ ಆಫ್ ಮಾಡಿದ್ಯಾ?"

"ಆಫ್ ಮಾಡು ಅಂತ ಇದ್ರಾಗೆ ಎಲ್ಲೈತೆ?"

ಅವರು ಆತನನ್ನು ಪಕ್ಕದಲ್ಲೇ ಕೂರಿಸಿಕೊಂಡು ಬದುವಿನ ಮೇಲೆ ಲ್ಯಾಪ್‌ಟಾಪ್ ತೆರೆದರು. 'ಸುರಕ್ಷತೆ' ಗೂಡಿನಲ್ಲಿದ್ದ, ಸ್ವಿಚ್ ಆಫ್ ಮಾಡಲು ಹೇಳುವ ಪುಟವನ್ನು ಪ್ರತಿ ಅಧ್ಯಾಯದ ಮೊದಲಿಗೂ ತಂದು ಕೂರಿಸತೊಡಗಿದರು.

ಮೆಕ್ಯಾನಿಕ್ ಬಗ್ಗಿ ನೋಡಿದ. "ಈಗ ನಮ್ಮನೆಯೋಳಂಗೇ ಆಯ್ತು, ಹೇಳಿದ್ದೇ ಹೇಳ್ತೈತೆ. ಅಂಗಿ ಬುಡಿ ಸಾರ್, ನಾನೆಲ್ಲೂ ಓಗಾಕಿಲ್ಲ."

ಅವರು ಬಿಡಲಿಲ್ಲ. ಒಂದೇ ಕೈಯಲ್ಲಿ ಟೈಪ್ ಮಾಡುತ್ತಲೇ ಇದ್ದರು.