ಊಟದ ಸಾಲಿನ ಕ್ಯಾಸೆಟ್ಟು

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಈರುಳ್ಳಿ ಮಂಡಿಗಳ ಸಾಲು ಮುಗಿಯುವ ಕಡೆ, ಶಿವಮಲ್ಲು ವಿಡಿಯೋ ಅಂಗಡಿ ಇಟ್ಟಿದ್ದ. ಬೋರ್ಡಿನಲ್ಲಿ ಅವನ ಹೆಸರೇ ಇದ್ದರೂ ಕ್ಯಾಮೆರಾ ಹೆಗಲಿಗೇರಿಸಿ ಮದುವೆಗಳಿಗೆ ಹೋಗುವುದಷ್ಟೇ ಅವನ ಪಾಲಿನ ಕೆಲಸ. ತಂದ ಕ್ಯಾಸೆಟ್ಟನ್ನು ಒಂದು ವಿಸಿಆರ್‌ನಲ್ಲಿ ಓಡಿಸಿ, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಇನ್ನೊಂದರಲ್ಲಿ ಇಳಿಸಿಕೊಂಡು, ನಡುನಡುವೆ ಸಿನಿಮಾ ಹಾಡು ಸೇರಿಸುತ್ತಿದ್ದವಳು ಅವನ ಹೆಂಡತಿ ನೀಲಾವತಿ.

ಅವಳು ಉಮ್ಮತ್ತೂರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ಆ ಯಂತ್ರಗಳನ್ನು ಮುಟ್ಟಲೂ ಹೆದರುತ್ತಿದ್ದಳು. ಒಮ್ಮೆ ಯಾರದೋ ಧಾರೆಯ ಚಿತ್ರವೆಲ್ಲ ಗೆರೆಗೆರೆಯಾಗಿ ಬಂದು ಶಿವಮಲ್ಲು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ತಾನೇ ಮುಚ್ಚಳ ಬಿಚ್ಚಿ, ತಿರುಗುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು. ಗೆರೆಗಳು ಹೋದವು. ಅಲ್ಲಿಂದ ಮುಂದೆ ರಿಪೇರಿಯೂ ಅವಳದೇ ಆಯಿತು. ದನಿ ಎಳೆದೆಳೆದು ಬಂದರೆ ಬೆಲ್ಟು ನೋಡುತ್ತಿದ್ದಳು, ಗುಯ್ಗುಟ್ಟಿದರೆ ವೈರು ಅಲುಗಿಸುತ್ತಿದ್ದಳು. ಟೇಪಿನ ಮೇಲಂಚು ಮಡಿಸಿಕೊಂಡರೆ ದನಿ ಹೋಗುತ್ತದೆ, ಕೆಳಂಚು ಮಡಿಸಿಕೊಂಡರೆ ಚಿತ್ರ ನಿಲ್ಲುವುದಿಲ್ಲ ಎಂಬುದನ್ನು ಕೆಟ್ಟ ಕ್ಯಾಸೆಟ್ಟುಗಳಿಂದಲೇ ಕಲಿತಳು.

ತೊಂಬತ್ತೈದರ ಬೇಸಿಗೆಯಲ್ಲಿ ಊರಿನ ಕಲ್ಯಾಣಮಂಟಪದಲ್ಲಿ ಮಂಡಿ ರಾಜಣ್ಣನ ಅಣ್ಣನ ಮಗಳ ಮದುವೆ ನಡೆಯಿತು. ರಾಜಣ್ಣ ಈರುಳ್ಳಿ ಹರಾಜು ಕೂಗುವವನು. ಅವನ ಗಂಟಲು ಕೇಳದ ರೈತ ಆ ತಾಲ್ಲೂಕಿನಲ್ಲಿ ಇರಲಿಲ್ಲ. ಅಡುಗೆಗೆ ಸೌದೆ ಒಡೆಯಲು ಕೇರಿಯ ಮಾರಯ್ಯನನ್ನು ಕರೆಸಿದ್ದರು. ಮಾರಯ್ಯನ ಮಗ ಬೆಟ್ಟಯ್ಯ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್. ಅಪ್ಪನನ್ನು ಕರೆದೊಯ್ಯಲು ಬಂದವನು, ಮೈಯೆಲ್ಲ ಬೆವರಾಗಿ ಹಿಂಬಾಗಿಲಲ್ಲಿ ಎಲೆಗಾಗಿ ಕಾಯುತ್ತಿದ್ದ ಮುದುಕನನ್ನು ಕಂಡು, ಕೈಹಿಡಿದು ಒಳಗೆ ಕರೆತಂದು ಮೊದಲ ಸಾಲಿನಲ್ಲೇ ಕೂರಿಸಿದ. ತಾನೂ ಪಕ್ಕದಲ್ಲಿ ಕೂತ.

ಶಿವಮಲ್ಲು ಆಗ ಲೈಟು ಹಾಕಿ ಊಟದ ಸಾಲನ್ನು ತೆಗೆಯುತ್ತಿದ್ದ.

ರಾಜಣ್ಣ ಬಂದು ಮಾರಯ್ಯನ ಮುಂದಿದ್ದ ಎಲೆಯನ್ನು ಕಾಲಿನಿಂದ ತಳ್ಳಿದ. "ಏಳ್ಲಾ ಮೇಲಕ್ಕೆ. ಯಾವ ಸಾಲ್ನಲ್ಲಿ ಕುಂತಿದ್ದೀಯ ಅಂತ ಗ್ಯಾನ ಇಲ್ವೇನ್ಲಾ?"

ಮಾರಯ್ಯ ಏಳಹೊರಟ. ಬೆಟ್ಟಯ್ಯ ಅವನ ಭುಜ ಅದುಮಿ ಕೂರಿಸಿದ. "ಉಣ್ಣಪ್ಪ ನೀನು. ಸೌದೆ ಒಡೆದಿರೋದು ನೀನೇಯ."

ರಾಜಣ್ಣ ಮುದುಕನ ಎದೆಗೆ ಒದ್ದ. ಮಾರಯ್ಯ ಹಿಂದಕ್ಕೆ ಉರುಳಿ ಗೋಡೆಗೆ ತಲೆ ಬಡಿದುಕೊಂಡ. ಬೆಟ್ಟಯ್ಯ ಎದ್ದು ರಾಜಣ್ಣನ ಅಂಗಿ ಹಿಡಿದ. ಅಷ್ಟರಲ್ಲಿ ರಾಜಣ್ಣನ ಕಡೆಯ ಹುಡುಗರು ಅವನ ಮೇಲೆ ಬಿದ್ದರು. ಸಾಂಬಾರಿನ ಬಕೆಟ್ಟಿನಿಂದ ಬೆನ್ನಿಗೆ ಹೊಡೆದರು, ಕೆಳಗೆ ಕೆಡವಿ ತುಳಿದರು. ಯಾರೋ ಅಡುಗೆಮನೆಯಿಂದ ಸೌದೆ ತಂದು ರಾಜಣ್ಣನ ಕೈಗೆ ಕೊಟ್ಟರು.

"ತಲೆ ಇಡ್ಕಳ್ರಲಾ. ಕಣ್ಗೇ ಮಡುಗ್ತೀನಿ. ಇನ್ನೊಂದ್ಸಲ ಈ ಸಾಲ್ನ ಕಣ್ಣೆತ್ತಿ ನೋಡ್ಬಾರ್ದು ಬಡ್ಡಿಮಗ."

ಇಬ್ಬರು ತಲೆ ಹಿಡಿದರು. ರಾಜಣ್ಣ ಸೌದೆಯ ಮೊನೆಯಿಂದ ತಿವಿದ. ಬೆಟ್ಟಯ್ಯನ ಎಡಗಣ್ಣು ಅಲ್ಲೇ ಹೋಯಿತು. ರಕ್ತ ಹರಿದು ಹಾಸಿದ್ದ ಎಲೆಗಳ ಮೇಲೆ ನಿಂತಿತು. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಬಾಗಿಲ ಕಡೆ ಓಡಿದರು. ಶಿವಮಲ್ಲು ಧೈರ್ಯದಿಂದ ತೆಗೆಯುತ್ತಿದ್ದನೆಂದು ಹೇಳಲಾಗದು. ಕೈಕಾಲು ಮರಗಟ್ಟಿ ನಿಂತಿದ್ದ, ಕ್ಯಾಮೆರಾ ತನ್ನಷ್ಟಕ್ಕೆ ಓಡುತ್ತಿತ್ತು.

ಪೊಲೀಸರು ಬಂದಾಗ, ಬೆಟ್ಟಯ್ಯ ಕುಡಿದು ಒಲೆಯ ಮೇಲೆ ಬಿದ್ದ ಎಂದು ರಾಜಣ್ಣ ಹೇಳಿಕೆ ಕೊಟ್ಟ. ತಾನು ಆ ಹೊತ್ತಿನಲ್ಲಿ ಧಾರೆ ಮಂಟಪದಲ್ಲಿದ್ದೆನೆಂದೂ ಸೇರಿಸಿದ. ಊಟಕ್ಕೆ ಕೂತಿದ್ದವರಲ್ಲಿ ಒಬ್ಬರೂ ನೋಡಿದೆನೆನ್ನಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ರಾಜಣ್ಣನ ಕಡೆಯವರು ಅಂಗಡಿಗೆ ನುಗ್ಗಿದರು. ಒಬ್ಬ ನೀಲಾವತಿಯ ಜುಟ್ಟು ಹಿಡಿದು ಮುಖವನ್ನು ಗೋಡೆಗೆ ಬಡಿದ. ಅವಳ ಮೇಲ್ದುಟಿ ಸೀಳಿತು. ಇನ್ನಿಬ್ಬರು ಶಿವಮಲ್ಲುವಿನ ಬಲಗೈಯನ್ನು ಮೇಜಿನ ಮೇಲೆ ಅದುಮಿ ಹಿಡಿದರು.

"ಊಟದ ಕ್ಯಾಸೆಟ್ಟು ಎಲ್ಲಲಾ?"

"ನಾ ತೆಗ್ದೇ ಇಲ್ಲ ಕಣಣ್ಣ."

ಮಂಡಿಯಿಂದ ತಂದಿದ್ದ ತೂಕದ ಕಲ್ಲು ಬೆರಳುಗಳ ಮೇಲೆ ಇಳಿಯಿತು. ಮೂಳೆ ಮುರಿದದ್ದು ನೀಲಾವತಿಗೆ ಕೇಳಿಸಿತು. ಎರಡನೆಯ ಸಲ ಕಲ್ಲು ಎತ್ತಿದಾಗ ಅವಳೇ ಕಪಾಟಿನತ್ತ ಕೈ ತೋರಿಸಿದಳು. ಅವರು ಕ್ಯಾಸೆಟ್ಟು ಒಡೆದು, ಟೇಪನ್ನು ಮೊಳಗಟ್ಟಲೆ ಎಳೆದು, ನೆಲಕ್ಕೆ ಹಾಕಿ ಚಪ್ಪಲಿಯಲ್ಲಿ ಹೊಸಕಿದರು. ಒಂದು ವಿಸಿಆರ್ ಅನ್ನು ಎತ್ತಿ ರಸ್ತೆಗೆಸೆದರು. "ಈಗ ನೋಡ್ಕಳವ್ವ ಮದ್ವೆ ಸಿನ್ಮಾನ" ಎಂದು ಹೋದರು.

ಶಿವಮಲ್ಲುವಿಗೆ ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿ ಬಂದ ಮೇಲೆ ನೀಲಾವತಿ ನೆಲದ ಮೇಲಿನ ಟೇಪನ್ನು ಸೆರಗಿಗೆ ತುಂಬಿಕೊಂಡಳು. ವಿಷಯ ತಿಳಿದು ಮಾರಯ್ಯ ಬಂದ. ಅವನ ತಲೆಗೂ ಬಟ್ಟೆ ಸುತ್ತಿತ್ತು.

"ನಮ್ ದೆಸೆಯಿಂದ ನಿನ್ ಗಂಡನ್ ಕೈ ಓಯ್ತು. ಇದ್ನ ಇಲ್ಗೇ ಬುಟ್ಬುಡವ್ವ."

"ಒಡೆದೋನು ಅವ್ನು. ನೀವ್ಯಾಕೆ ತಲೆ ಬಗ್ಗುಸ್ತೀರಿ ಮಾರಣ್ಣ? ಕುಂತ್ಕಳಿ, ಇದರ ಈ ತುದಿ ಇಡ್ಕಳಿ."

ಮುದುಕ ಒಂದು ತುದಿ ಹಿಡಿದು ಕೂತ. ಅವಳು ಒದ್ದೆ ಬಟ್ಟೆಯಿಂದ ಮಣ್ಣು ಒರೆಸುತ್ತ, ಉಗುರಿನಿಂದ ಸುಕ್ಕು ನೀವುತ್ತ, ಹರಿದಲ್ಲಿ ಅಂಟಿಸುತ್ತ ಬೇರೊಂದು ಖಾಲಿ ಕ್ಯಾಸೆಟ್ಟಿನೊಳಗೆ ಸುತ್ತಿದಳು. ಉಳಿದಿದ್ದ ವಿಸಿಆರ್‌ಗೆ ಹಾಕಿದರೆ ಪರದೆಯಲ್ಲಿ ಬೂದುಬಣ್ಣದ ಚುಕ್ಕೆಗಳ ಕುದಿತ ಬಿಟ್ಟು ಬೇರೇನೂ ಇಲ್ಲ. ದನಿ ಮಾತ್ರ ಸ್ಪಷ್ಟವಾಗಿತ್ತು. ಎಲೆ ಸರಿದದ್ದು, ಮುದುಕ ಬಿದ್ದದ್ದು, ಬೆಟ್ಟಯ್ಯ ಕಿರುಚಿದ್ದು. "ಕಣ್ಗೇ ಮಡುಗ್ತೀನಿ" ಎಂಬ ಮಾತು ಬಂದಾಗ ಮಾರಯ್ಯ ಎದ್ದು ಹೊರಗೆ ಹೋದ.

ನೀಲಾವತಿ ಕ್ಯಾಸೆಟ್ಟನ್ನು ಠಾಣೆಗೆ ಕೊಟ್ಟಳು. ಅರಣ್ಯ ಇಲಾಖೆಯವರೂ ಬೆನ್ನಿಗೆ ನಿಂತದ್ದರಿಂದ ಕೇಸು ಕೋರ್ಟಿಗೆ ಹೋಯಿತು. ಅಲ್ಲಿ ರಾಜಣ್ಣನ ವಕೀಲ ಒಂದೇ ಪ್ರಶ್ನೆಯಲ್ಲಿ ಅವಳನ್ನು ಕಟ್ಟಿಹಾಕಿದ.

"ನೀವು ಮದುವೆ ಕ್ಯಾಸೆಟ್ಟಿಗೆ ಹಾಡು ಸೇರಿಸ್ತೀರಿ, ಅಲ್ಲವೇನಮ್ಮ?"

"ಸೇರಿಸ್ತೀನಿ."

"ಹಾಗಾದರೆ ಮಾತನ್ನೂ ಸೇರಿಸಬಹುದು."

ಮಾತಾಡುವ ಬಾಯಿ ಕಾಣದೆ ಮಾತು ಯಾರದೆಂದು ಸಾಧಿಸುವುದು ಹೇಗೆ? ಅಂದು ಕೋರ್ಟಿನ ಮೆಟ್ಟಿಲಿಳಿಯುವಾಗ ರಾಜಣ್ಣ ಅವಳ ಹತ್ತಿರ ಬಂದು, ಹರಾಜಿನ ದನಿ ಬಿಟ್ಟು ಮೆಲ್ಲಗೆ, "ನಿನ್ ಗಂಡನ್ಗೆ ಇನ್ನೊಂದ್ ಕೈ ಅದಲ್ಲವ್ವ" ಎಂದ.

ಮನೆಗೆ ಬಂದು ಅವಳು ಬೇರೊಂದು ಹಾಳಾದ ಟೇಪು ತೆಗೆದುಕೊಂಡು, ಅದರ ಕೆಳಂಚನ್ನು ಬೇಕೆಂದೇ ಮಡಿಸಿ ಹಾಕಿ ನೋಡಿದಳು. ಅದೇ ಕುದಿತ. ಚಿತ್ರ ಹೊಂದಿಸುವ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದರೂ ಪ್ರಯೋಜನವಾಗಲಿಲ್ಲ. ಮುಚ್ಚಳ ಬಿಚ್ಚಿ ದಿಟ್ಟಿಸಿದಾಗ, ಸುಕ್ಕಾದ ಅಂಚು ಪಕ್ಕದಲ್ಲಿ ತಿರುಗದೆ ನಿಂತ ಸಣ್ಣ ಹೆಡ್ಡಿಗೆ ತಾಗದೆ ದೂರ ಸರಿದು ಹೋಗುವುದು ಕಂಡಿತು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಟೇಪನ್ನು ಅಲ್ಲಿಗೆ ಒತ್ತಿ ಹಿಡಿದಳು. ಚಿತ್ರ ಕುಣಿದು ಕುಣಿದು ನಿಂತಿತು. ಕಡ್ಡಿ ಕೊಂಚ ಅಲುಗಿದರೂ ಮತ್ತೆ ಹೋಗುತ್ತಿತ್ತು.

ಕಾಪಿ ಮಾಡಿಕೊಟ್ಟರೆ ಅದನ್ನೂ ಜೋಡಿಸಿದ್ದೆನ್ನುತ್ತಾರೆ. ಹಾಗಾಗಿ ಅಸಲು ಕ್ಯಾಸೆಟ್ಟನ್ನೇ ತೋರಿಸಲು ಸರ್ಕಾರಿ ವಕೀಲರ ಮೂಲಕ ಅನುಮತಿ ಕೇಳಿ, ಮುಂದಿನ ವಿಚಾರಣೆಗೆ ವಿಸಿಆರ್, ಟಿವಿ ಎರಡನ್ನೂ ಕೋರ್ಟಿಗೆ ಸಾಗಿಸಿದಳು. ನ್ಯಾಯಾಧೀಶರ ಎದುರು ಮುಚ್ಚಳ ಬಿಚ್ಚಿ, ಬಗ್ಗಿ, ಕಡ್ಡಿ ಹಿಡಿದಳು.

ಎಲೆ ಕಂಡಿತು. ಒದ್ದ ಕಾಲು ಕಂಡಿತು. ಚಿತ್ರ ಹೋಯಿತು. ಅವಳು ಉಸಿರು ಬಿಗಿಹಿಡಿದು ಮೊಣಕೈಯನ್ನು ಮೇಜಿಗೆ ಊರಿದಳು. ಚಿತ್ರ ಮರಳಿ ನಿಂತಾಗ ಸೌದೆ ಹಿಡಿದ ರಾಜಣ್ಣ ಇದ್ದ, ಅವನ ತುಟಿಗಳು ಆ ಮಾತಿಗೆ ಸರಿಯಾಗಿ ಆಡುತ್ತಿದ್ದವು. ಸೌದೆ ಇಳಿಯಿತು. ಕೋರ್ಟಿನಲ್ಲಿ ಯಾರೋ "ಶಿವಶಿವಾ" ಎಂದರು. ಬೆಟ್ಟಯ್ಯ ಮಾತ್ರ ಉಳಿದ ಕಣ್ಣನ್ನು ಪರದೆಯಿಂದ ಕದಲಿಸದೆ ಕೊನೆಯವರೆಗೂ ನೋಡಿದ. ನೀಲಾವತಿಗೆ ಪರದೆ ಕಾಣುತ್ತಿರಲಿಲ್ಲ. ಅವಳ ಕಣ್ಣು ಕಡ್ಡಿಯ ತುದಿಯಲ್ಲಿತ್ತು.

ರಾಜಣ್ಣನಿಗೂ ತಲೆ ಹಿಡಿದಿದ್ದ ಇಬ್ಬರಿಗೂ ಜೈಲಾಯಿತು. ಅಪೀಲು ಹಾಕಿ ರಾಜಣ್ಣ ಬೇಗನೆ ಜಾಮೀನಿನ ಮೇಲೆ ಹೊರಬಂದು ಮತ್ತೆ ಹರಾಜು ಕೂಗತೊಡಗಿದ. ಅವನು ಬಂದ ವಾರದಲ್ಲೇ, ಗಂಡ ಹೆಂಡತಿ ಸಂತೆಗೆ ಹೋಗಿದ್ದಾಗ, ಅಂಗಡಿಗೆ ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟರು. ಹಾಡಹಗಲು, ತುಂಬಿದ ರಸ್ತೆ. ಇಟ್ಟವರನ್ನು ನೋಡಿದವರು ಈ ಸಲವೂ ಸಿಗಲಿಲ್ಲ.

ಅವರಿಬ್ಬರೂ ಚಾಮರಾಜನಗರಕ್ಕೆ ಬಂದು ಒಂದು ಸಣ್ಣ ಕೋಣೆಯಲ್ಲಿ ಹೊಸದಾಗಿ ಶುರುಮಾಡಿದರು. ಶಿವಮಲ್ಲುವಿನ ಬಲಗೈ ಬೆರಳುಗಳು ಮಡಿಸಲಾಗದಂತೆ ಉಳಿದವು. ಕ್ಯಾಮೆರಾ ಹಿಡಿಯಲಾಗದ್ದರಿಂದ ಮದುವೆಗಳಿಗೆ ನೀಲಾವತಿಯೇ ಹೊರಟಳು. ಮೊದಮೊದಲು ಹೆಂಗಸು ಕ್ಯಾಮೆರಾ ಹೊತ್ತು ಬಂದಳೆಂದು ಜನ ಮದುಮಕ್ಕಳನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ಶಿವಮಲ್ಲು ಎಡಗೈಯಲ್ಲಿ ಹಾಡು ಸೇರಿಸುವ ಮಿಕ್ಸಿಂಗ್ ಕಲಿಯತೊಡಗಿದ.

"ಸೌಂಡೇ ಬತ್ತಾ ಇಲ್ಲ ಕಣಮ್ಮಿ" ಎಂದು ಒಳಗಿನಿಂದ ಕೂಗುತ್ತಿದ್ದ.

"ವೈರು ನೋಡಿ ಮೊದ್ಲು" ಎನ್ನುತ್ತ ಅವಳು ಬ್ಯಾಟರಿ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆಯುತ್ತಿದ್ದಳು.