ಕೊನೆಯ ಇಪ್ಪತ್ತೆರಡು ಫ್ರೇಮು

“ಸಾಕು, ನಿಲ್ಸಿ ಅದ್ನ” ಎನ್ನಲು ನನ್ನ ದೊಡ್ಡಮ್ಮನಿಗೆ ವಿಡಿಯೋದ ಇಪ್ಪತ್ತೆರಡು ಫ್ರೇಮು ಸಾಕಾಗುತ್ತಿತ್ತು, ಅಂದರೆ ಒಂದು ಸೆಕೆಂಡಿಗೆ ಸ್ವಲ್ಪ ಕಡಿಮೆ. ಇದು ನನಗೆ ತಿಳಿದದ್ದು ಅವರು ತೀರಿಕೊಂಡ ಹನ್ನೊಂದನೆಯ ದಿನ.

ಆ ದಿನದ ಕಾರ್ಯಕ್ಕೆ ಬಂದವರಿಗೆ ತೋರಿಸಲು ಒಂದು ವಿಡಿಯೋ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇವಳನ್ನು ಅಳುವವರ ನಡುವೆ ಕೂರಿಸಿ ಯಾರಿಗೂ ಪ್ರಯೋಜನವಿಲ್ಲ, ಲ್ಯಾಪ್‌ಟಾಪ್ ಮುಂದೆ ಕೂರಲಿ ಎಂದು ಮನೆಯವರು ತೀರ್ಮಾನಿಸಿರಬೇಕು. ನಂಜನಗೂಡಿನ ನಮ್ಮ ಮನೆಯಲ್ಲಿ ಕೂತು ನೆಂಟರ ಫೋನುಗಳಿಂದ ಮೂವತ್ತೊಂದು ಕ್ಲಿಪ್ ಕೂಡಿಸಿದೆ. ಹೆಡತಲೆ ಊರಿನ ಅತ್ತೆ ಕಳಿಸಿದ್ದರಲ್ಲಿ ದೊಡ್ಡಮ್ಮ ಅವರೆಕಾಳು ಹಿಸುಕುತ್ತಿದ್ದರು. ಇನ್ನೊಂದರಲ್ಲಿ ಯಾರದೋ ಮದುವೆಯಲ್ಲಿ ಚಪ್ಪಲಿ ಹುಡುಕುತ್ತಿದ್ದರು.

ಥಟ್ಟನೆ ಮುಗಿಯುವುದು ಯಾವುದೂ ನನಗೆ ಆಗದು. ಫೋನ್ ಇಡುವ ಮೊದಲು ಮೂರು ಸಲ “ಸರಿ” ಎನ್ನುವವಳು ನಾನು. ಹಾಗಾಗಿ ಕ್ಲಿಪ್ಪುಗಳನ್ನೆಲ್ಲ ಒಟ್ಟಿಗೆ ಆರಿಸಿ, ಒಂದೇ ಸಲಕ್ಕೆ ಎಲ್ಲದರ ಕೊನೆಗೂ ಡಿಸಾಲ್ವ್ ಹಾಕಿದೆ: ಒಂದು ದೃಶ್ಯ ದನಿಸಮೇತ ಕರಗುತ್ತಾ ಇನ್ನೊಂದು ಮೂಡುವ ಟ್ರಾನ್ಸಿಷನ್. ಕಡೆಯದು ಮಾತ್ರ ಕತ್ತಲೆಗೆ ಕರಗುತ್ತದೆ. ಒಂದೊಂದಕ್ಕೂ ಒಂದು ಸೆಕೆಂಡ್. ನಮ್ಮೂರ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುವುದೂ ಹೀಗೆಯೇ. ಇಲ್ಲಿಯವರೆಗೆ ಇದು, ಇಲ್ಲಿಂದ ಅದು ಎಂದು ಯಾರೂ ಗೆರೆ ತೋರಿಸಲಾರರು. ದೊಡ್ಡಮ್ಮನ ಅಸ್ಥಿ ಬಿಟ್ಟದ್ದೂ ಅಲ್ಲೇ. ನೀರು ಕಲಕಿದಂತೆಯೂ ಕಾಣಲಿಲ್ಲ.

ಸಂಜೆ ನರಸೀಪುರಕ್ಕೆ ಹೋಗಿ ದೊಡ್ಡಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು.

“ಎಲ್ಲಾ ಚೆಂದಾಗದೆ ಕಣವ್ವ. ಅವ್ಳು ಬಯ್ಯದು ಎಲ್ಲೋಯ್ತು?”

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

“ಹತ್ತು ದಿನಾಯ್ತು, ನನ್ನ ಯಾರೂ ಬಯ್ದಿಲ್ಲ,” ಎಂದು ಅವರು ಎದ್ದು ಒಳಗೆ ಹೋದರು.

ದೊಡ್ಡಮ್ಮನಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಫೋನ್ ಹಿಡಿದವರಿಗೆ ಕೈ ಅಡ್ಡ ತಂದು ಗದರುತ್ತಿದ್ದರು, ಗದರಿಸಿಕೊಂಡವರು ನಿಲ್ಲಿಸುತ್ತಿದ್ದರು. ಹಾಗಾಗಿ ಅವರ ದನಿ ಇದ್ದದ್ದೇ ಕ್ಲಿಪ್ಪುಗಳ ಕೊನೆಯ ಸೆಕೆಂಡಿನಲ್ಲಿ. ನಾನು ಚೆಂದ ಮಾಡಲು ಹೋಗಿ ಕರಗಿಸಿದ್ದು ಅದನ್ನೇ. ಜೋಡಿಸುವಾಗ ಕಿವಿಗೊಟ್ಟಿದ್ದರೆ ತಿಳಿಯುತ್ತಿತ್ತು. ಆದರೆ ನಾನು ಉದ್ದಕ್ಕೂ ಧ್ವನಿ ಮುಚ್ಚಿಯೇ ಕೆಲಸ ಮಾಡಿದ್ದೆ. ಏಕಾಗ್ರತೆಗಾಗಿ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ಅಲ್ಲೇ, ಎಡೆಯ ಅಡುಗೆ ಬೇಯುತ್ತಿರುವಾಗ, ಧ್ವನಿ ತೆರೆದು ಡಿಸಾಲ್ವ್‌ಗಳನ್ನು ಒಂದೊಂದಾಗಿ ಅಳಿಸಿದೆ. ಅಳಿಸಿದರೆ ನುಂಗಿದ್ದು ಮರಳಿ ಬರುತ್ತದೆ. ಸಾಫ್ಟ್‌ವೇರಿಗೆ ಅಷ್ಟು ದಯೆಯಿದೆ. ಪಕ್ಕದಲ್ಲಿ ಕೂತ ದೊಡ್ಡಪ್ಪ ಮೂವತ್ತು ಸಲ ಬಯ್ಯಿಸಿಕೊಂಡರು. ಮೂವತ್ತೊಂದನೆಯ ಕ್ಲಿಪ್ ನನ್ನ ಫೋನಿನದು. ಬಿಸಿಲಲ್ಲಿ ತಲೆ ಬಾಚುತ್ತಿದ್ದ ದೊಡ್ಡಮ್ಮ ನನ್ನ ಕಡೆ ತಿರುಗಿ ಬಾಯಿ ತೆರೆಯುತ್ತಾರೆ, ಅಷ್ಟೆ. ಬಯ್ಯಿಸಿಕೊಳ್ಳುವ ಮೊದಲೇ ನಾನು ಮರ್ಯಾದೆಯಿಂದ ನಿಲ್ಲಿಸಿದ್ದೆ.

ಆ ಒಂದು ಡಿಸಾಲ್ವ್ ಹಾಗೇ ಬಿಟ್ಟೆ. ಅಲ್ಲಿ ಕರಗಿಹೋಗಲು ಮಾತಿರಲಿಲ್ಲ.